ಕಪ್ಪು ಫಾರ್ಮಲ್ ಶೂ: ಗುಣಮಟ್ಟ, ಆರಾಮ ಎರಡನ್ನೂ ಅಂಗಡಿಯಲ್ಲೇ ತಿಳಿಯುವುದು ಹೇಗೆ? (ಮುಂಬೈ)

ಡೊಂಬಿವಲಿ ಫಾಸ್ಟ್

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಫೋರ್ಟ್‌ನಲ್ಲಿ ಬ್ಯಾಂಕ್ ಕೆಲಸಕ್ಕೆ ಸೇರುತ್ತಿದ್ದೇನೆ. ಕಪ್ಪು ಲೆದರ್ ಶೂ ಕಡ್ಡಾಯ. ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ದಿನಾ ಲೋಕಲ್. ಸೀಟು ಸಿಗುವುದು ಅಪರೂಪ. ಇಳಿದ ಮೇಲೆ ಆಫೀಸಿನವರೆಗೆ ನಡಿಗೆ. ಬೆಳಗ್ಗೆ ಏಳಕ್ಕೆ ಹಾಕಿದ ಶೂ ರಾತ್ರಿ ಎಂಟಕ್ಕೆ ಬಿಚ್ಚಬೇಕು.

ನನ್ನ ಪಾದ ಅಗಲ. ಉದ್ದಕ್ಕೆ 8 ನಂಬರ್ ಸಾಕು. ಆದರೆ 8 ಹಾಕಿದರೆ ಕಿರುಬೆರಳು ಒತ್ತುತ್ತದೆ. ಅಂಗಡಿಯವರು 9 ತಂದುಕೊಡುತ್ತಾರೆ. ಅದರಲ್ಲಿ ನಡೆದರೆ ಹಿಮ್ಮಡಿ ಎದ್ದು ಬರುತ್ತದೆ. ಹೋದ ವರ್ಷ ಠಾಣೆಯ ಒಂದು ಅಂಗಡಿಯಲ್ಲಿ ಕೊಂಡ ಜೋಡಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಒಂದೇ ಮಳೆಗಾಲಕ್ಕೆ ಮುಂದೆ ಸೋಲ್ ಬಾಯಿ ಬಿಟ್ಟಿತು. ಬೆರಳು ಬಾಗುವ ಜಾಗದಲ್ಲಿ ಮೇಲಿನ ಪದರ ಹೊಪ್ಪಳೆ ಎದ್ದಿತು. ಪೆಟ್ಟಿಗೆಯ ಮೇಲೆ ಮಾತ್ರ ಜೆನ್ಯುಯಿನ್ ಲೆದರ್ ಅಂತ ಬರೆದಿತ್ತು.

ಬಜೆಟ್ ಮೂರು ಸಾವಿರದ ಆಸುಪಾಸು. ಒಳ್ಳೆಯದು ಸಿಕ್ಕರೆ ನಾಲ್ಕು ಆದರೂ ಸರಿ. ಬ್ರಾಂಡ್ ಹೆಸರು ಬೇಡ. ಶೂ ಕೈಯಲ್ಲಿ ಹಿಡಿದಾಗ ಏನೇನು ನೋಡಬೇಕು ಅಂತ ಗೊತ್ತಿದ್ದವರು ಹೇಳಿ.

ಘಾಟ್‌ಕೋಪರ್ ಭಟ್

ಬೆಲೆ ಬಗ್ಗೆ ಒಂದು ವಿಷಯ. 2025ರ ಸೆಪ್ಟೆಂಬರ್ 22ರಿಂದ ಜೋಡಿಗೆ 2500 ರೂಪಾಯಿವರೆಗಿನ ಚಪ್ಪಲಿ, ಶೂಗಳಿಗೆ ಜಿಎಸ್‌ಟಿ ಶೇಕಡಾ 5. ಅದರ ಮೇಲೆ ಹೋದರೆ ಶೇಕಡಾ 18. ಹಾಗಾಗಿ 2500ರ ಒಳಗಿನದು, ಹೆಸರಿರುವ ಕಂಪನಿಯದು ತಗೊಳ್ಳಿ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ಇದಕ್ಕಿಂತ ಜಾಸ್ತಿ ಯೋಚನೆ ಬೇಕಾಗಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಅಥಣಿ ಕಡೆಯವ

ಭಟ್ರೇ, ಬೆಲೆ ನೋಡಬೇಕು ನಿಜ. ಆದರೆ ಈ ಹುಡುಗ ದಿನಕ್ಕೆ ಹದಿಮೂರು ತಾಸು ಅದರೊಳಗೆ ಕಾಲಿಡುತ್ತಾನೆ. ಯೋಚನೆ ಮಾಡಲೇಬೇಕು.

ತಮ್ಮಾ, ನಾನು ಅಥಣಿ ಕಡೆಯವ. ನಮ್ಮ ಮನೆತನದವರು ಕೊಲ್ಲಾಪುರಿ ಚಪ್ಪಲಿ ಹೊಲಿಯುವವರು. 2019ರಲ್ಲಿ ಆ ಚಪ್ಪಲಿಗೆ ಜಿಐ (ಭೌಗೋಳಿಕ) ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳೂ ಸೇರಿದವು. ನಾನು ಮಾತ್ರ ಚಿಕ್ಕ ವಯಸ್ಸಿನಲ್ಲೇ ಧಾರಾವಿಗೆ ಬಂದು ಚರ್ಮದ ವ್ಯಾಪಾರಕ್ಕೆ ಸೇರಿದೆ. ಶೂ ಮಾಡುವವರಿಗೆ ಅಪ್ಪರ್ ಚರ್ಮ, ಅಂದರೆ ಶೂವಿನ ಮೇಲ್ಭಾಗದ ಚರ್ಮ ಒದಗಿಸುವುದು ನಮ್ಮ ಕಸುಬು.

ಮೊದಲು ಇದನ್ನು ತಲೆಯಲ್ಲಿಟ್ಟುಕೋ. ಶೂಗಳಲ್ಲಿ ಕಣ್ಣಿಗೆ ಅತಿ ಹೆಚ್ಚು ಮೋಸವಾಗುವುದು ಕಪ್ಪಿನಲ್ಲಿ. ದನ ಎಮ್ಮೆಗಳ ಮೈಮೇಲೆ ಮುಳ್ಳು ತರಚಿದ ಗೀರು, ಉಣ್ಣೆ ಹುಳು ಕಚ್ಚಿದ ಗುರುತು, ಹಳೇ ಗಾಯದ ಕಲೆ ಎಲ್ಲ ಇರುತ್ತವೆ. ತಿಳಿ ಕಂದು ಬಣ್ಣ ಹಾಕಿದರೆ ಅವು ಕಾಣುತ್ತವೆ. ಅದಕ್ಕೇ ಕಲೆ ಕಡಿಮೆ ಇರುವ ತೊಗಲನ್ನು ಕಂದು ಬಣ್ಣಕ್ಕೆ ಎತ್ತಿಡುತ್ತಾರೆ. ಕಲೆ ಜಾಸ್ತಿ ಇರುವುದನ್ನು ಮೇಲಿಂದ ಉಜ್ಜಿ, ದಪ್ಪಗೆ ಕಪ್ಪು ಬಳಿದು, ಮಷಿನ್‌ನಲ್ಲಿ ಚರ್ಮದ ಗೆರೆಗಳನ್ನು ಒತ್ತುತ್ತಾರೆ. ಕಪ್ಪು ಶೂ ಎಲ್ಲವೂ ಹಾಗೇ ಅಂತ ಅಲ್ಲ. ಆದರೆ ಅಂಗಡಿಯ ದೀಪದ ಕೆಳಗೆ ಎರಡೂ ಒಂದೇ ಥರ ಹೊಳೆಯುತ್ತವೆ. ಹಾಗಾಗಿ ಹೊಳಪು ನೋಡಿ ಆರಿಸಬೇಡ. ಕಪ್ಪು ಶೂವನ್ನು ಬೆರಳಿನಿಂದ, ಮೂಗಿನಿಂದ, ಬಾಗಿಸಿ ನೋಡಿ ಆರಿಸಬೇಕು.

ಜೆನ್ಯುಯಿನ್ ಲೆದರ್ ಅನ್ನುವ ಅಕ್ಷರ ನಂಬಬೇಡ. ಎಮ್ಮೆಯ ತೊಗಲು ದಪ್ಪ. ಅದನ್ನು ಪದರವಾಗಿ ಸೀಳುತ್ತಾರೆ. ಮೇಲಿನ ಪದರದಲ್ಲಿ ನಾರು ಒತ್ತಾಗಿ ಹೆಣೆದಿರುತ್ತದೆ. ಅದು ಗಟ್ಟಿ. ಕೆಳಗಿನ ಪದರ ಸಡಿಲ. ಆ ಸಡಿಲ ಪದರದ ಮೇಲೆ ಪಿಯು (ಪಾಲಿಯುರೆಥೇನ್ ಅನ್ನುವ ಪ್ಲಾಸ್ಟಿಕ್) ಲೇಪ ಹಾಕಿದ ಮಾಲೂ ಲೆದರ್ ಅಂತಲೇ ಮಾರಾಟವಾಗುತ್ತದೆ. ನಿನ್ನ ಹಳೇ ಜೋಡಿ ಅಂಥದ್ದೇ ಇರಬೇಕು. ಮೇಲಿನ ಪದರದ ಚರ್ಮ ಸುಕ್ಕಾಗುತ್ತದೆ, ಒಣಗಿದರೆ ಸೀಳು ಬಿಡುತ್ತದೆ. ಸಿಪ್ಪೆ ಸಿಪ್ಪೆಯಾಗಿ ಏಳುವುದಿಲ್ಲ.

ಈಗ ಪರೀಕ್ಷೆ. ಲೇಸ್ ಸಡಿಲ ಮಾಡಿ ಶೂವಿನ ನಾಲಿಗೆ ಹೊರಗೆ ಎಳೆ. ಬಹಳ ಶೂಗಳಲ್ಲಿ ನಾಲಿಗೆಯ ಅಂಚನ್ನು ಮಡಚಿ ಹೊಲಿದಿರುವುದಿಲ್ಲ, ಕತ್ತರಿಸಿ ಹಾಗೇ ಬಿಟ್ಟಿರುತ್ತಾರೆ. ಆ ಅಂಚು ನೋಡು. ಚರ್ಮವಾದರೆ ನಾರು ನಾರು ಕಾಣುತ್ತದೆ. ರೆಕ್ಸಿನ್ ಆದರೆ ಬಟ್ಟೆಯ ಎಳೆ, ಅದರ ಮೇಲೆ ತೆಳ್ಳನೆಯ ಪ್ಲಾಸ್ಟಿಕ್ ಪದರ. ನಾಲಿಗೆಗೆ ಒಂದು ಮಾಲು, ಮುಂಭಾಗಕ್ಕೆ ಇನ್ನೊಂದು ಹಾಕುವವರೂ ಇದ್ದಾರೆ. ಅದಕ್ಕೆ ಬೆರಳು ಬಾಗುವ ಜಾಗವನ್ನು ಹೆಬ್ಬೆರಳಿನಿಂದ ಒತ್ತು. ಸಣ್ಣ ಸಣ್ಣ ಗೆರೆ ಹರಡಿ, ಕೈ ತೆಗೆದ ಕೂಡಲೇ ಮಾಯವಾದರೆ ಒಳ್ಳೆಯ ಚರ್ಮ. ಒಂದೇ ಒಂದು ದಪ್ಪ ಮಡಿಕೆ ಬಿದ್ದು, ಅದರ ಗುರುತು ಉಳಿದರೆ ಬಣ್ಣದ ಪದರ ಜಾಸ್ತಿ ಅಂತ ಅರ್ಥ.

ನೀರಿನ ಹನಿ ಹಾಕಿ ನೋಡು ಅಂತ ಕೆಲವರು ಹೇಳುತ್ತಾರೆ. ಕಪ್ಪು ಫಾರ್ಮಲ್ ಶೂಗೆ ಅದು ನಡೆಯುವುದಿಲ್ಲ. ಒಳ್ಳೆಯ ಚರ್ಮದ ಮೇಲೂ ಪಾಲಿಶ್ ಇರುತ್ತದೆ, ಹನಿ ಜಾರಿ ಹೋಗುತ್ತದೆ. ವಾಸನೆ ನೋಡಬಹುದು. ಆದರೆ ಅಂಟಿನ ವಾಸನೆ ಚರ್ಮದ ವಾಸನೆಯನ್ನು ನುಂಗಿರುತ್ತದೆ. ಮೂಗನ್ನು ಒಳಗೆ, ಹಿಮ್ಮಡಿಯ ಕಡೆ ತರಬೇಕು.

ಇನ್ನೊಂದು ಸುಲಭದ ಗುರುತು ಇದೆ. ಶೂವಿನ ಅಡಿಯಲ್ಲೋ ಒಳಗೋ ಚಿಕ್ಕ ಚಿಕ್ಕ ಚಿತ್ರಗಳ ಚೀಟಿ ಇದ್ದರೆ ಓದಿಕೋ. ಇದು ಯುರೋಪಿನವರು 1994ರಲ್ಲಿ ಮಾಡಿದ ನಿಯಮ. ರಫ್ತಿಗೆ ಮಾಡಿದ ಮಾಲಿನಲ್ಲಿ ಇರುತ್ತದೆ. ಹರಡಿಟ್ಟ ತೊಗಲಿನ ಆಕಾರ ಇದ್ದರೆ ಚರ್ಮ. ಆ ತೊಗಲಿನ ಒಳಗೆ ಒಂದು ಚೌಕ ಓರೆಯಾಗಿ ನಿಂತಿದ್ದರೆ ಲೇಪ ಹಾಕಿದ ಚರ್ಮ. ಜಾಲರಿ ಇದ್ದರೆ ಬಟ್ಟೆ. ಬರೀ ಓರೆ ಚೌಕ ಇದ್ದರೆ ರಬ್ಬರು, ಪ್ಲಾಸ್ಟಿಕ್ ಮುಂತಾದ ಬೇರೆ ವಸ್ತು. ಮೇಲ್ಭಾಗಕ್ಕೆ, ಒಳಭಾಗಕ್ಕೆ, ಅಟ್ಟೆಗೆ ಬೇರೆ ಬೇರೆ ಚಿತ್ರ ಕೊಟ್ಟಿರುತ್ತಾರೆ. ಮೇಲೆ ತೊಗಲಿನ ಚಿತ್ರ, ಒಳಗೆ ಬರೀ ಚೌಕ ಇದ್ದರೆ ಲೈನಿಂಗ್‌ನಲ್ಲಿ ಹಣ ಉಳಿಸಿದ್ದಾರೆ ಅಂತ ತಿಳಿ. ನಮ್ಮ ಮುಂಬೈ ಬೆವರಿಗೆ ಒಳಗಿನ ಲೈನಿಂಗ್ ಚರ್ಮದ್ದೇ ಇರಬೇಕು. ಕೊನೇಪಕ್ಷ ಹಿಮ್ಮಡಿ ಉಜ್ಜುವ ಜಾಗದಲ್ಲಾದರೂ ಇರಬೇಕು. ಮೊದಲು ಹರಿಯುವುದು ಅಲ್ಲೇ.

ಮಾಟುಂಗಾ ಕ್ಯಾಪ್ಟನ್

ಅಥಣಿ ಅಣ್ಣ ಚರ್ಮದ ವಿಷಯ ಹೇಳಿದರು. ನಾನು ಕಾಲಿನ ಕಡೆಯಿಂದ ಹೇಳುತ್ತೇನೆ ಮಾರಾಯ್ರೆ. ಹೋಟೆಲಿನಲ್ಲಿ ಕ್ಯಾಪ್ಟನ್ ಕೆಲಸ. ಕಪ್ಪು ಶೂ ನಮಗೆ ಯೂನಿಫಾರಂ. ಊರಿಂದ ಬಂದು ರಾತ್ರಿ ಶಾಲೆ ಓದುತ್ತಾ ಕ್ಲೀನರ್ ಆಗಿದ್ದಾಗಿನಿಂದ ಇವತ್ತಿನವರೆಗೆ ಕೆಲಸ ಅಂದರೆ ನಿಂತೇ ಇರುವುದು.

ಅಂಗಡಿಯಲ್ಲಿ ಕಾಲಿಟ್ಟ ಕೂಡಲೇ ಮೆತ್ತಗೆ ಅನ್ನಿಸುವ ಶೂವನ್ನು ನಂಬಬೇಡಿ. ಒಳಗೆ ದಪ್ಪ ಸ್ಪಂಜ್ ಹಾಕಿರುತ್ತಾರೆ. ಮೆಮೊರಿ ಫೋಮ್ ಅಂತ ಹೇಳುತ್ತಾರೆ. ಮೊದಲ ಹತ್ತು ನಿಮಿಷ ಸುಖ. ಕೆಲವು ತಿಂಗಳಲ್ಲಿ ಅದು ಚಪ್ಪಟೆಯಾಗಿ ಕಾಗದದಷ್ಟಾಗುತ್ತದೆ. ಆಗ ಅಡಿಯಲ್ಲಿ ಏನಿದೆ ಅನ್ನುವುದು ಪಾದಕ್ಕೆ ತಿಳಿಯುತ್ತದೆ. ಸಂಜೆ ಆರರ ಹೊತ್ತಿಗೆ ಸೊಂಟ ಹಿಡಿಯುತ್ತದೆ.

ಶೂವನ್ನು ಎರಡು ಕೈಯಲ್ಲಿ ಹಿಡಿದು ಬಾಗಿಸಿ. ಬೆರಳಿನ ಬುಡದ ಹತ್ತಿರ ಬಾಗಬೇಕು. ಮಧ್ಯದಲ್ಲಿ, ಕಮಾನಿನ ಜಾಗದಲ್ಲಿ ಬಾಗಲೇಬಾರದು. ಒಳ್ಳೆಯ ಶೂನಲ್ಲಿ ಆ ಜಾಗದಲ್ಲಿ ಉಕ್ಕಿನದೋ ಗಟ್ಟಿ ಪ್ಲಾಸ್ಟಿಕ್‌ನದೋ ಒಂದು ಪಟ್ಟಿ ಇರುತ್ತದೆ. ಶ್ಯಾಂಕ್ ಅನ್ನುತ್ತಾರೆ. ಅದಿಲ್ಲದ ಶೂ ನಡುವೆಯೇ ಮಡಚುತ್ತದೆ. ನಿಂತು ಕೆಲಸ ಮಾಡುವವರಿಗೆ ಅದು ಆಗುವುದೇ ಇಲ್ಲ. ಆಮೇಲೆ ಹಿಮ್ಮಡಿಯ ಹಿಂದಿನ ಗೋಡೆಯನ್ನು ಎರಡು ಬೆರಳಲ್ಲಿ ಹಿಸುಕಿ. ಗಟ್ಟಿ ಇರಬೇಕು. ಮೆತ್ತಗೆ ಕುಸಿದರೆ ಆ ಶೂ ಮೂರು ತಿಂಗಳಲ್ಲಿ ಒಂದು ಕಡೆ ವಾಲುತ್ತದೆ.

ಮತ್ತೆ, ಅಟ್ಟೆ ಚರ್ಮದ್ದು ಬೇಡ. ವಿಟಿ (ಈಗಿನ ಸಿಎಸ್‌ಎಂಟಿ) ಸ್ಟೇಷನ್ನಿನ ಒದ್ದೆ ಟೈಲ್ಸ್ ಮೇಲೆ ಚರ್ಮದ ಅಟ್ಟೆ ಜಾರುತ್ತದೆ. ಗೆರೆ ಇರುವ ರಬ್ಬರ್ ಅಟ್ಟೆಯೇ ನಮಗೆ ಸರಿ.

ಮುಲುಂಡ್ ಫಿಸಿಯೋ

ಕ್ಯಾಪ್ಟನ್ ಅಣ್ಣ ಹೇಳಿದ ಎರಡು ಪರೀಕ್ಷೆಗಳನ್ನು ನಾನೂ ನನ್ನಲ್ಲಿ ಬರುವವರಿಗೆ ಹೇಳುತ್ತೇನೆ. ಅಳತೆಯ ವಿಷಯ ಸೇರಿಸುತ್ತೇನೆ. ಡೊಂಬಿವಲಿಯವರ ತೊಂದರೆ ಅಲ್ಲೇ ಇದೆ.

8ರಿಂದ 9ಕ್ಕೆ ಹೋದರೆ ಶೂವಿನ ಉದ್ದ ಒಂದು ಇಂಚಿನ ಮೂರನೇ ಒಂದು ಭಾಗ, ಅಂದರೆ ಸುಮಾರು ಎಂಟೂವರೆ ಮಿಲಿಮೀಟರ್ ಹೆಚ್ಚುತ್ತದೆ. ಅಗಲ ಹೆಚ್ಚುವುದು ಅದಕ್ಕಿಂತ ಕಡಿಮೆ. ನಿಮಗೆ ಬೇಕಾಗಿರುವುದು ಅಗಲ. ಸಿಗುತ್ತಿರುವುದು ಉದ್ದ. ಹಿಮ್ಮಡಿ ಎದ್ದು ಬರುವುದು ಇದರಿಂದಲೇ. ಉದ್ದ ಜಾಸ್ತಿ ಆದರೆ ಇನ್ನೊಂದು ತೊಂದರೆಯೂ ಇದೆ. ಪಾದ ಬಾಗುವ ಜಾಗ ಒಂದು, ಶೂ ಬಾಗುವ ಜಾಗ ಇನ್ನೊಂದು ಆಗುತ್ತದೆ. ಹೆಬ್ಬೆರಳ ಬುಡದ ಗಂಟು ಶೂವಿನ ಅತಿ ಅಗಲದ ಜಾಗಕ್ಕೆ ಸರಿಯಾಗಿ ಕೂರಬೇಕು. ನಾನು ಮೊದಲು ನೋಡುವುದು ಇದನ್ನೇ.

ಒಂದು ಕಾಗದದ ಮೇಲೆ ನಿಂತು ಎರಡೂ ಪಾದಗಳ ಸುತ್ತ ಪೆನ್ಸಿಲ್ ಎಳೆಸಿಕೊಳ್ಳಿ. ಕೂತು ಅಲ್ಲ, ನಿಂತು. ಭಾರ ಬಿದ್ದಾಗ ಪಾದ ಹರಡುತ್ತದೆ. ಬಹಳ ಜನಕ್ಕೆ ಒಂದು ಪಾದ ಸ್ವಲ್ಪ ದೊಡ್ಡದು. ದೊಡ್ಡ ಪಾದಕ್ಕೆ ಸರಿಯಾಗಿ ಕೊಳ್ಳಬೇಕು. ಆ ಕಾಗದವನ್ನು ಅಂಗಡಿಗೆ ತೆಗೆದುಕೊಂಡು ಹೋಗಿ, ಶೂವಿನ ಅಡಿಗೆ ಹಿಡಿದು ನೋಡಿ. ನಿಮ್ಮ ಗೆರೆ ಅಟ್ಟೆಯಿಂದ ಆಚೆ ಬಂದರೆ ಆ ಶೂ ಹಾಕಿಯೂ ನೋಡಬೇಡಿ.

ಅಂಗಡಿಗೆ ಸಂಜೆ ಹೋಗಿ. ದಿನವಿಡೀ ನಿಂತ ಮೇಲೆ ಪಾದ ಊದಿರುತ್ತದೆ. ಆಫೀಸಿಗೆ ಹಾಕುವ ಸಾಕ್ಸ್ ಹಾಕಿಕೊಂಡೇ ನೋಡಿ. ಅತಿ ಉದ್ದದ ಬೆರಳಿನ ಮುಂದೆ ಸುಮಾರು ಅರ್ಧ ಇಂಚು ಜಾಗ ಬಿಡಬೇಕು. ಅತಿ ಉದ್ದದ್ದು ಹೆಬ್ಬೆರಳೇ ಅಂತ ಇಲ್ಲ, ಕೆಲವರಿಗೆ ಎರಡನೇ ಬೆರಳು ಉದ್ದ. ಬೆರಳುಗಳನ್ನು ಒಳಗೆ ಅಲ್ಲಾಡಿಸಲು ಬರಬೇಕು. ಚೂಪು ಮೂತಿಯ ಶೂ ಈಗ ಫ್ಯಾಶನ್. ಅಗಲ ಪಾದದವರು ಅದನ್ನು ಮುಟ್ಟಲೇಬಾರದು. ಕಿರುಬೆರಳಿನ ಮೇಲೆ ಆಣಿ, ಹೆಬ್ಬೆರಳಿನ ಉಗುರು ಒಳಗೆ ಬೆಳೆಯುವುದು, ಗಂಟು ಉಬ್ಬುವುದು, ಇವೆಲ್ಲ ಹೆಚ್ಚಾಗಿ ಮೂತಿ ಇಕ್ಕಟ್ಟಾದ ಶೂಗಳಲ್ಲಿ ನೋಡುತ್ತೇನೆ.

ಹಾಕುತ್ತಾ ಹಾಕುತ್ತಾ ಸಡಿಲ ಆಗುತ್ತದೆ ಸಾರ್ ಅಂತ ಮಾರುವವರು ಹೇಳುತ್ತಾರೆ. ಚರ್ಮ ಅಗಲಕ್ಕೆ ಸ್ವಲ್ಪ ಬಿಟ್ಟುಕೊಡುತ್ತದೆ. ಉದ್ದಕ್ಕೆ ಬಿಟ್ಟುಕೊಡುವುದಿಲ್ಲ. ರೆಕ್ಸಿನ್ ಎರಡಕ್ಕೂ ಇಲ್ಲ.

ಇನ್ನು, ನಮ್ಮ ಪಾದಕ್ಕೂ ಮಾರುಕಟ್ಟೆಯ ಶೂಗೂ ಹೊಂದುವುದಿಲ್ಲ ಅನ್ನುವುದು ಅಳೆದು ತಿಳಿದಿರುವ ವಿಷಯ. ಚೆನ್ನೈನ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ 79 ಕಡೆ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆಯಿತು. ಯುರೋಪ್, ಅಮೆರಿಕದವರ ಪಾದಕ್ಕಿಂತ ನಮ್ಮದು ಅಗಲ ಅಂತ ತಿಳಿಯಿತು. ಅದರ ಮೇಲೆ 'ಭ' ಅನ್ನುವ ಹೊಸ ಅಳತೆಯ ಪದ್ಧತಿ ಸೂಚಿಸಿದ್ದಾರೆ. ಅಂಗಡಿಯಲ್ಲಿ ನಾವು ಕೇಳುವುದು ಮಾತ್ರ ಇನ್ನೂ ಇಂಗ್ಲೆಂಡಿನ ನಂಬರ್.

ಸಕ್ಕರೆ ಕಾಯಿಲೆ ಇರುವವರು ಇದನ್ನು ಓದುತ್ತಿದ್ದರೆ ಒಂದು ಮಾತು. ಪಾದದಲ್ಲಿ ಸ್ಪರ್ಶ ಕಡಿಮೆಯಾಗಿದ್ದರೆ ಶೂ ಕಚ್ಚಿದ್ದು ಗೊತ್ತಾಗುವುದಿಲ್ಲ. ದಿನಾ ಶೂ ಹಾಕುವ ಮೊದಲು ಒಳಗೆ ಕೈ ಹಾಕಿ ಕಲ್ಲು, ಎದ್ದ ಹೊಲಿಗೆ ಏನಾದರೂ ಇದೆಯಾ ನೋಡಿ. ಹೊಸ ಶೂವನ್ನು ಮೊದಲ ದಿನವೇ ಹೊತ್ತು ಮುಳುಗುವವರೆಗೆ ಹಾಕಬೇಡಿ. ಬಿಚ್ಚಿದ ಮೇಲೆ ಪಾದ ಕೆಂಪಾಗಿದೆಯಾ ನೋಡಿ.

ಡೊಂಬಿವಲಿ ಫಾಸ್ಟ್

ಅಕ್ಕಾ, ಬಹಳ ಉಪಕಾರ ಆಯಿತು. ಈಗಲೇ ಪೆನ್ಸಿಲ್ ಗೆರೆ ಎಳೆಸಿದೆ. ಮನೆಯಲ್ಲಿರುವ ಹಳೇ ಶೂ ಎಲ್ಲದರ ಅಡಿಗೂ ಹಿಡಿದೆ. ಒಂದರಲ್ಲೂ ಗೆರೆ ಒಳಗೆ ಬರಲಿಲ್ಲ. ಎಡಗಾಲು ಬಲಗಾಲಿಗಿಂತ ದೊಡ್ಡದು ಅಂತಲೂ ಇವತ್ತೇ ಗೊತ್ತಾಯಿತು.

ಲೇಸ್ ಇರುವುದು ಒಳ್ಳೆಯದಾ, ಲೇಸ್ ಇಲ್ಲದ್ದಾ? ಆಫೀಸಿನಲ್ಲಿ ಎರಡೂ ನಡೆಯುತ್ತದೆ ಅಂದರು.

ಫೋರ್ಟ್ ವಕೀಲ

ಲೇಸ್. ಅದರಲ್ಲೂ ಡರ್ಬಿ.

ಕಪ್ಪು ಲೇಸ್ ಶೂನಲ್ಲಿ ಮುಖ್ಯವಾಗಿ ಎರಡು ಜಾತಿ. ಆಕ್ಸ್‌ಫರ್ಡ್‌ನಲ್ಲಿ ಲೇಸ್ ತೂತುಗಳಿರುವ ಎರಡು ಪಟ್ಟಿಗಳನ್ನು ಮುಂಭಾಗದ ಚರ್ಮದ ಅಡಿಗೆ ಸೇರಿಸಿ ಹೊಲಿದಿರುತ್ತಾರೆ. ಕೆಳತುದಿಯಲ್ಲಿ ಅವು ಅಗಲಿಸಲು ಬರುವುದಿಲ್ಲ. ಡರ್ಬಿಯಲ್ಲಿ ಪಟ್ಟಿಗಳು ಮುಂಭಾಗದ ಮೇಲೆ ಕೂರುತ್ತವೆ, ಎರಡು ಬಾಗಿಲು ತೆಗೆದ ಹಾಗೆ ಬಿಚ್ಚಿಕೊಳ್ಳುತ್ತವೆ. ಪಾದದ ಮೇಲಿನ ಉಬ್ಬು ಎತ್ತರ ಇರುವವರಿಗೆ, ಅಗಲ ಪಾದದವರಿಗೆ ಡರ್ಬಿ ಹೊಂದುತ್ತದೆ. ಆಕ್ಸ್‌ಫರ್ಡ್ ನೋಡಲು ಹೆಚ್ಚು ಅಚ್ಚುಕಟ್ಟು, ಕೋರ್ಟಿಗೆ, ಮದುವೆಗೆ ಚೆಂದ. ಆದರೆ ಅದನ್ನು ಹಾಕಿ ಲೇಸ್ ಕಟ್ಟಿದಾಗ ಎರಡು ಪಟ್ಟಿಗಳ ನಡುವೆ ದೊಡ್ಡ ಸಂದು ಉಳಿದರೆ ಅದು ನಿಮ್ಮ ಪಾದಕ್ಕಲ್ಲ.

ಲೇಸ್ ಇಲ್ಲದ ಶೂ ಬಿಗಿಯಾಗಿದ್ದರೆ ಮಾತ್ರ ಕಾಲಲ್ಲಿ ನಿಲ್ಲುತ್ತದೆ. ನಿಮ್ಮಂತೆ ಸಂಜೆಗೆ ಪಾದ ಊದುವವರಿಗೆ ಅದು ಹಿಂಸೆ. ಲೇಸ್ ಆದರೆ ಮಧ್ಯಾಹ್ನ ಒಂದು ಸಲ ಸಡಿಲ ಮಾಡಿಕೊಳ್ಳಬಹುದು.

ಅಂದ ಹಾಗೆ ಕ್ಯಾಪ್ಟನ್ ಹೇಳಿದ ಉಕ್ಕಿನ ಪಟ್ಟಿ ಇದ್ದರೆ ತಪಾಸಣೆಯ ಬಾಗಿಲಲ್ಲಿ ಬೀಪ್ ಅನ್ನುವುದುಂಟು. ಗಾಬರಿ ಬೇಡ.

ವಾಶಿ ವೆಲ್ಟ್

ಇಷ್ಟೆಲ್ಲ ಹೇಳಿದರೂ ಮೂಲ ವಿಷಯ ಯಾರೂ ಹೇಳಲಿಲ್ಲ. ಗುಡ್‌ಇಯರ್ ವೆಲ್ಟ್ (ಸುತ್ತ ಪಟ್ಟಿ ಇಟ್ಟು ಅಟ್ಟೆ ಹೊಲಿಯುವ ಬಗೆ) ಇಲ್ಲದ ಶೂ ಶೂವೇ ಅಲ್ಲ. ಅಂಟು ಹಾಕಿದ ಶೂ ಬಿಸಾಡುವ ವಸ್ತು. ಹತ್ತು ಸಾವಿರ ಹಾಕಿ ಒಂದು ವೆಲ್ಟ್ ಶೂ ಕೊಳ್ಳಿ, ಅಟ್ಟೆ ಸವೆದಾಗ ಅಟ್ಟೆ ಬದಲಾಯಿಸಿ, ವರ್ಷಗಟ್ಟಲೆ ಹಾಕಿ. ಮೂರು ಸಾವಿರದ್ದನ್ನು ಮತ್ತೆ ಮತ್ತೆ ಕೊಳ್ಳುವುದಕ್ಕಿಂತ ಅದೇ ಅಗ್ಗ.

ಅಥಣಿ ಕಡೆಯವ

ವಾಶಿಯವರ ಮಾತಿನಲ್ಲಿ ಅರ್ಧ ಒಪ್ಪುತ್ತೇನೆ. ಓದುವವರಿಗೆ ತಿಳಿಯಲಿ ಅಂತ ಅಟ್ಟೆ ಕೂರಿಸುವ ಮೂರೂ ಬಗೆ ಹೇಳುತ್ತೇನೆ.

ಅಂಟಿನ ಶೂನಲ್ಲಿ ಮೇಲ್ಭಾಗವನ್ನೂ ಅಟ್ಟೆಯನ್ನೂ ಅಂಟಿಸಿ, ಒತ್ತಿ ಕೂರಿಸುತ್ತಾರೆ. ಹಗುರ, ಅಗ್ಗ. ಬ್ಲೇಕ್ ಹೊಲಿಗೆಯಲ್ಲಿ ಒಳಗಿನ ಅಟ್ಟೆಯಿಂದ ಹೊರ ಅಟ್ಟೆಗೆ ನೇರ ಹೊಲಿಗೆ. ಇದರ ಮಷಿನ್‌ಗೆ ಅಮೆರಿಕದ ಲೈಮನ್ ಬ್ಲೇಕ್ 1858ರಲ್ಲಿ ಪೇಟೆಂಟ್ ಪಡೆದ. ಚೆನ್ನಾಗಿ ಬಾಗುತ್ತದೆ. ಆದರೆ ಹೊಲಿಗೆಯ ತೂತು ಪಾದದ ಅಡಿಗೇ ಬರುವುದರಿಂದ ಮಳೆಯಲ್ಲಿ ನೀರು ಒಳಗೆ ಏರುತ್ತದೆ. ಮೂರನೆಯದು ವೆಲ್ಟ್. ಸುತ್ತಲೂ ಒಂದು ಚರ್ಮದ ಪಟ್ಟಿ. ಮೇಲ್ಭಾಗವನ್ನು ಆ ಪಟ್ಟಿಗೆ ಹೊಲಿದು, ಪಟ್ಟಿಯನ್ನು ಅಟ್ಟೆಗೆ ಬೇರೆಯಾಗಿ ಹೊಲಿಯುತ್ತಾರೆ. ನಡುವಿನ ಜಾಗಕ್ಕೆ ಕಾರ್ಕ್ ತುಂಬುತ್ತಾರೆ. ಅದು ನಿಧಾನವಾಗಿ ನಿಮ್ಮ ಪಾದದ ಆಕಾರಕ್ಕೆ ಒತ್ತಿಕೊಳ್ಳುತ್ತದೆ. ರಬ್ಬರನ್ನು ಗಂಧಕದ ಜೊತೆ ಕಾಯಿಸಿ ಗಟ್ಟಿ ಮಾಡುವುದನ್ನು ಕಂಡುಹಿಡಿದ ಗುಡ್‌ಇಯರ್ ಅವರ ಮಗ 1870ರ ದಶಕದಲ್ಲಿ ಇದಕ್ಕೆ ಮಷಿನ್ ಬೆಳೆಸಿದ. ಬಾಳಿಕೆಯಲ್ಲಿ ಇದೇ ಮೇಲು. ಅದರಲ್ಲಿ ವಾದ ಇಲ್ಲ.

ಆದರೆ ಈ ಹುಡುಗನಿಗೆ ಈಗ ಅದು ಬೇಡ. ವೆಲ್ಟ್ ಶೂ ಭಾರ, ಮೊದಮೊದಲು ಬಿರುಸು. ಪಾದಕ್ಕೆ ಸರಿಯಾಗದ ಅಚ್ಚಿನ (ಶೂಗೆ ಆಕಾರ ಕೊಡುವ ಪಾದದಂಥ ದಿಮ್ಮಿಯ) ವೆಲ್ಟ್ ಶೂ ಕೊಂಡರೆ ಹತ್ತು ವರ್ಷ ಬಾಳುವ ನೋವು ಕೊಂಡ ಹಾಗೆ. ಅಗಲ ಸರಿ ಇರುವ, ಮೇಲಿನ ಪದರದ ಚರ್ಮದ, ಚೆನ್ನಾಗಿ ಅಂಟಿಸಿದ ಶೂ ಇವನಿಗೆ ಹೆಚ್ಚು ಹಿತ. ಸಂಬಳ ಬಂದ ಮೇಲೆ ನೋಡಲಿ.

ಇನ್ನೊಂದು ಮುಖ್ಯ. ಅಂಟಿನ ಶೂಗೆ ಸುತ್ತ ಸುಳ್ಳು ಹೊಲಿಗೆ ಹಾಕಿ ವೆಲ್ಟ್ ಅಂತ ತೋರಿಸುತ್ತಾರೆ. ರಬ್ಬರ್ ಅಚ್ಚಿನಲ್ಲೇ ಹೊಲಿಗೆಯ ಆಕಾರ ಬಂದಿರುತ್ತದೆ, ಇಲ್ಲವೇ ಬರೀ ಪಟ್ಟಿಗೆ ದಾರ ಹಾಕಿ ಅಂಟಿಸಿರುತ್ತಾರೆ. ಉಗುರಿನಿಂದ ದಾರ ಎತ್ತಿ ನೋಡಿ. ಅದೇ ಲೆಕ್ಕದ ಹೊಲಿಗೆ ಅಟ್ಟೆಯ ಅಡಿಯಲ್ಲೂ ಕಾಣುತ್ತದೆಯಾ ನೋಡಿ. ಕೆಲವು ಒಳ್ಳೆಯ ಶೂಗಳಲ್ಲಿ ಅಡಿಯ ಹೊಲಿಗೆಯನ್ನು ಗೀರಿನೊಳಗೆ ಮುಚ್ಚಿರುತ್ತಾರೆ, ಅದು ಬೇರೆ. ಆದರೆ ಎರಡು ಸಾವಿರದ ಶೂನಲ್ಲಿ ಅಷ್ಟು ಕೆಲಸ ಯಾರೂ ಮಾಡುವುದಿಲ್ಲ.

ವಾಶಿ ವೆಲ್ಟ್

ಅಚ್ಚಿನ ಮಾತು ಒಪ್ಪಿದೆ. ನನ್ನ ಪಾದ ತೆಳು, ಸಾಮಾನ್ಯ ಅಚ್ಚು ಹೊಂದುತ್ತದೆ. ಆದರೂ ಬಿಸಾಡುವ ಶೂ ಬಗ್ಗೆ ನನ್ನ ಸಿಟ್ಟು ಕಡಿಮೆ ಆಗುವುದಿಲ್ಲ.

ನೆರೂಲ್ ರಾಯರು

ನನ್ನದೊಂದು ದೂರು. ಒಂದು ದೊಡ್ಡ ಅಂಗಡಿಯಲ್ಲಿ ಒಳ್ಳೆಯ ಬೆಲೆ ಕೊಟ್ಟು ಕಪ್ಪು ಶೂ ಕೊಂಡೆ. ನಿವೃತ್ತಿ ಆಗಿದ್ದರಿಂದ ಹಾಕಿದ್ದು ಕಡಿಮೆ. ಪೆಟ್ಟಿಗೆಯಲ್ಲೇ ಜೋಪಾನವಾಗಿ ಇಟ್ಟಿದ್ದೆ. ಮೊನ್ನೆ ಮಾಟುಂಗಾದಲ್ಲಿ ಒಂದು ಮದುವೆಗೆ ಹಾಕಿಕೊಂಡು ಹೋದೆ. ಊಟಕ್ಕೆ ಕೂರುವ ಮೊದಲೇ ಎರಡೂ ಅಟ್ಟೆ ಪುಡಿ ಪುಡಿಯಾಗಿ ನೆಲದ ಮೇಲೆ ಉದುರಿದವು. ಮೇಲಿನ ಚರ್ಮಕ್ಕೆ ಏನೂ ಆಗಿಲ್ಲ. ಹಾಕದೇ ಇಟ್ಟ ಶೂ ಹಾಳಾಗುವುದು ಅಂದರೇನು? ಇದು ಮೋಸ ಅಲ್ಲವೇ?

ಅಥಣಿ ಕಡೆಯವ

ರಾಯರೇ, ನಿಮ್ಮ ಬೇಸರ ನ್ಯಾಯವಾದದ್ದು. ಅದು ಪಿಯು ಅಟ್ಟೆ ಇರಬೇಕು. ಹಗುರ, ಮೆತ್ತಗೆ, ಅದಕ್ಕೆ ಆರಾಮದ ಶೂ ಅಂತ ಮಾರುತ್ತಾರೆ. ಆದರೆ ಗಾಳಿಯ ತೇವ ಅದರೊಳಗೆ ಸೇರಿ ನಿಧಾನವಾಗಿ ಅದರ ಕಟ್ಟನ್ನೇ ಒಡೆಯುತ್ತದೆ. ಮುಂಬೈಯಂಥ ಸಮುದ್ರದ ಊರಲ್ಲಿ ಬೇಗ. ಮುಚ್ಚಿದ ಪೆಟ್ಟಿಗೆಯೊಳಗೂ ಇದು ನಿಲ್ಲುವುದಿಲ್ಲ. ಅಪರೂಪಕ್ಕೆ ಹಾಕುವವರು ಪಿಯು ಅಟ್ಟೆ ಕೊಳ್ಳಲೇಬಾರದು. ದಿನಾ ಹಾಕುವವರಿಗೆ ಪರವಾಗಿಲ್ಲ, ಪುಡಿಯಾಗುವ ಮೊದಲೇ ಸವೆಯುತ್ತದೆ. ರಬ್ಬರ್ ಅಥವಾ ಟಿಪಿಆರ್ (ರಬ್ಬರಿನಂಥ ಪ್ಲಾಸ್ಟಿಕ್) ಅಟ್ಟೆ ಕೇಳಿ. ತುಸು ಭಾರ, ಆದರೆ ಹೀಗೆ ಉದುರುವುದಿಲ್ಲ. ತಯಾರಾದ ತಿಂಗಳು, ವರ್ಷ ಪೆಟ್ಟಿಗೆ ಮೇಲೆ ಇರುತ್ತದೆ. ಬಹಳ ಹಳೆಯ ಮಾಲು ಡಿಸ್ಕೌಂಟ್‌ನಲ್ಲಿ ಸಿಕ್ಕರೆ ಅಟ್ಟೆ ಯಾವುದು ಅಂತ ಕೇಳದೆ ತಗೊಳ್ಳಬೇಡಿ.

ನಿಮ್ಮ ಶೂವಿನ ಮೇಲ್ಭಾಗ ಚೆನ್ನಾಗಿದ್ದರೆ ಬಿಸಾಡಬೇಡಿ. ಕುರ್ಲಾ–ಚೆಂಬೂರ್ ನಡುವೆ ಠಕ್ಕರ್ ಬಾಪಾ ಕಾಲೊನಿ ಇದೆ. ಶೂ ಮಾಡುವ ಸಣ್ಣ ಸಣ್ಣ ಕಾರ್ಖಾನೆಗಳೇ ತುಂಬಿರುವ ಜಾಗ. ರಬ್ಬರ್ ಅಟ್ಟೆ ಹೊಸದಾಗಿ ಕೂರಿಸಿಕೊಡುವವರು ಸಿಗುತ್ತಾರೆ.

ತಮ್ಮಾ, ನೀನೂ ಅಲ್ಲಿಗೆ ಭಾನುವಾರ ಬಿಟ್ಟು ಬೇರೆ ಒಂದು ದಿನ ಹೋಗು. ಪಾದದ ಗೆರೆಯ ಕಾಗದ ತಗೊಂಡು ಹೋಗು. ಅಗಲದ ಅಚ್ಚು ಇದೆಯಾ ಅಂತ ಕೇಳು. ಇಲ್ಲಿನವರ ಬಾಯಲ್ಲಿ ಅದು ಫರ್ಮಾ. ಅಚ್ಚಿನ ಮೇಲೆ ಕಿರುಬೆರಳ ಜಾಗಕ್ಕೆ ಒಂದು ಚೂರು ಚರ್ಮ ಅಂಟಿಸಿ ಮೇಲ್ಭಾಗ ಎಳೆದರೆ ಅಲ್ಲಿ ಜಾಗ ಸಿಗುತ್ತದೆ. ಕೈ ಪಳಗಿದವರಿಗೆ ಇದು ದೊಡ್ಡ ಕೆಲಸವಲ್ಲ. ಮುಂಗಡ ಪೂರ್ತಿ ಕೊಡಬೇಡ. ಚರ್ಮವನ್ನು ಕತ್ತರಿಸುವ ಮೊದಲು ತೋರಿಸಲು ಹೇಳು. ಧಾರಾವಿಯ ಶೋರೂಮ್‌ಗಳಲ್ಲಿ ಬ್ಯಾಗು, ಜ್ಯಾಕೆಟ್ಟು, ಬೆಲ್ಟು ಜಾಸ್ತಿ. ಶೂಗೆ ಅಲ್ಲಿಗಿಂತ ಇದು ಮೇಲು.

ಘಾಟ್‌ಕೋಪರ್ ಭಟ್

ಹೊಸ ಅಂಟಿನ ಶೂ ತಂದ ಕೂಡಲೇ ಸ್ಟೇಷನ್ ಹೊರಗಿನ ಮೋಚಿ ಹತ್ತಿರ ಸುತ್ತಲೂ ಹೊಲಿಗೆ ಹಾಕಿಸುವ ರೂಢಿ ನಮ್ಮ ಮನೆಯಲ್ಲಿ ಇದೆ. ಸೋಲ್ ಬಾಯಿ ಬಿಡುವುದಿಲ್ಲ. ಅದು ಒಳ್ಳೆಯದಲ್ಲವೇ?

ಅಥಣಿ ಕಡೆಯವ

ಅಟ್ಟೆಯ ಅಂಚು ಮೇಲೆದ್ದು ಗೋಡೆಯ ಹಾಗೆ ಸುತ್ತುವರಿದಿದ್ದರೆ ಹಾಕಿಸಿ, ಗಟ್ಟಿ ನಿಲ್ಲುತ್ತದೆ. ಚಪ್ಪಟೆ ಅಟ್ಟೆಯ ಫಾರ್ಮಲ್ ಶೂಗೆ ಹಾಕಿಸಿದರೆ ದಪ್ಪ ಸೂಜಿಯ ತೂತಿನಿಂದ ನೀರು ಒಳಗೆ ಬರುತ್ತದೆ, ದಾರ ನೆಲಕ್ಕೆ ಉಜ್ಜಿ ಬೇಗ ತುಂಡಾಗುತ್ತದೆ. ಅದರ ಬದಲು ಬೇರೆ ಕೆಲಸ ಹೇಳಿ. ಹಿಮ್ಮಡಿಯ ಅಡಿಯ ರಬ್ಬರ್ ತುಂಡು ಓರೆಯಾಗಿ ಸವೆಯುತ್ತದಲ್ಲ, ಅದನ್ನು ಆಗಾಗ ಬದಲಾಯಿಸಿಕೊಡಲು ಹೇಳಿ. ಅದು ಓರೆಯಾದರೆ ನಡಿಗೆಯೇ ಓರೆಯಾಗುತ್ತದೆ.

ಮಾಟುಂಗಾ ಕ್ಯಾಪ್ಟನ್

ನಾನು ಮರೆಯುವ ಮೊದಲು ಹೇಳುತ್ತೇನೆ. ಸಾಧ್ಯವಾದರೆ ಎರಡು ಜೋಡಿ ಇಟ್ಟುಕೊಂಡು ದಿನ ಬಿಟ್ಟು ದಿನ ಹಾಕಿ. ಒಂದು ದಿನದ ಬೆವರು ಒಂದು ರಾತ್ರಿಯಲ್ಲಿ ಒಣಗುವುದಿಲ್ಲ. ಒದ್ದೆ ಚರ್ಮವನ್ನೇ ಮತ್ತೆ ಬಾಗಿಸಿದರೆ ಸೀಳುತ್ತದೆ. ಎರಡು ಜೋಡಿ ಸರದಿಯಲ್ಲಿ ಹಾಕಿದರೆ ಒಂದಾದ ಮೇಲೊಂದು ಹಾಕಿದ್ದಕ್ಕಿಂತ ಜಾಸ್ತಿ ಕಾಲ ಬರುತ್ತವೆ. ನಮ್ಮ ಹುಡುಗರಿಗೆಲ್ಲ ಇದನ್ನೇ ಹೇಳುತ್ತೇನೆ.

ಡೊಂಬಿವಲಿ ಫಾಸ್ಟ್

ಎರಡು ಜೋಡಿ ಸದ್ಯಕ್ಕೆ ಕಷ್ಟ, ಆದರೆ ಮನಸ್ಸಿನಲ್ಲಿಟ್ಟುಕೊಂಡೆ. ಪಾಲಿಶ್ ಬಗ್ಗೆ ಕೇಳಬೇಕಿತ್ತು. ಸ್ಪಂಜ್ ಇರುವ ಬಾಟಲಿ ಪಾಲಿಶ್ ಸುಲಭ. ಅದು ಸಾಕಾ? ಮಳೆಯಲ್ಲಿ ನೆನೆದರೆ ಏನು ಮಾಡಬೇಕು?

ಫೋರ್ಟ್ ವಕೀಲ

ಬಾಟಲಿ ಪಾಲಿಶ್ ಅವಸರಕ್ಕೆ ಮಾತ್ರ. ಅದು ಚರ್ಮದ ಮೇಲೆ ಒಂದು ಪದರ ಕಟ್ಟುತ್ತದೆ. ದಿನಾ ಹಾಕಿದರೆ ಪದರ ದಪ್ಪವಾಗಿ ಬಾಗುವ ಜಾಗದಲ್ಲಿ ಬಿರಿಯುತ್ತದೆ. ಡಬ್ಬಿಯ ಮೇಣದ ಪಾಲಿಶ್ ಒಳ್ಳೆಯದು. ತಿಂಗಳಿಗೊಮ್ಮೆ ಕ್ರೀಮ್ ಹಚ್ಚಿದರೆ ಚರ್ಮ ಮೆತ್ತಗಿರುತ್ತದೆ. ಹಚ್ಚುವ ಮೊದಲು ಒದ್ದೆ ಬಟ್ಟೆಯಿಂದ ಧೂಳು ಒರೆಸಿ, ಒಣಗಿದ ಮೇಲೆ ತೆಳ್ಳಗೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಬ್ರಷ್ ಮಾಡಿ. ಚರ್ಚ್‌ಗೇಟ್, ಸಿಎಸ್‌ಎಂಟಿಯಲ್ಲಿ ಮರದ ಪೆಟ್ಟಿಗೆ ಇಟ್ಟುಕೊಂಡು ಕೂರುವ ಬೂಟ್ ಪಾಲಿಶ್‌ನವರು ಬ್ರಷ್ಷಿಂದ ಪೆಟ್ಟಿಗೆ ತಟ್ಟಿ ಕಾಲು ಬದಲಾಯಿಸಲು ಹೇಳುತ್ತಾರಲ್ಲ, ಅವರ ಕೈ ನೋಡಿ ಕಲಿಯಿರಿ. ಪಾಲಿಶ್ ತೆಗೆದುಕೊಳ್ಳುವುದು ಎಷ್ಟು ಕಡಿಮೆ, ಉಜ್ಜುವುದು ಎಷ್ಟು ಜಾಸ್ತಿ ಅಂತ ಗೊತ್ತಾಗುತ್ತದೆ.

ಅಥಣಿ ಕಡೆಯವ

ನೆನೆದರೆ ಬಿಸಿಲಿಗೆ ಇಡಬೇಡ. ಗ್ಯಾಸ್ ಒಲೆಯ ಹತ್ತಿರವೂ ಬೇಡ. ಬಿಸಿಗೆ ಚರ್ಮ ಬಿರುಸಾಗಿ ಸೀಳುತ್ತದೆ, ಅಂಟೂ ಬಿಡುತ್ತದೆ. ಒಳಗಿನ ಹಾಸು ಎಳೆದು ಬೇರೆ ಇಡು. ಲೇಸ್ ಪೂರ್ತಿ ಸಡಿಲಿಸಿ, ನಾಲಿಗೆ ಹೊರಗೆಳೆದು, ಹಳೇ ಪೇಪರ್ ಉಂಡೆ ಮಾಡಿ ಬೆರಳಿನ ತುದಿಯವರೆಗೆ ತುರುಕು. ಪೇಪರ್ ಒದ್ದೆಯಾದಾಗ ಬದಲಾಯಿಸು. ಶೂವನ್ನು ಒಂದು ಬದಿಗೆ ಮಲಗಿಸಿ ಫ್ಯಾನ್ ಕೆಳಗಿಡು, ಅಟ್ಟೆಗೂ ಗಾಳಿ ಆಡಲಿ. ಪೂರ್ತಿ ಒಣಗಿದ ಮೇಲೆ ಕ್ರೀಮ್. ಒಣಗುವ ಮೊದಲು ಪಾಲಿಶ್ ಹಚ್ಚಿದರೆ ತೇವ ಒಳಗೇ ಉಳಿದು ಬೂಷ್ಟು ಹಿಡಿಯುತ್ತದೆ.

ಮುಲುಂಡ್ ಫಿಸಿಯೋ

ಜುಲೈಯಲ್ಲಿ ನೀರು ನಿಂತ ದಿನ ಲೆದರ್ ಶೂವನ್ನು ಚೀಲದಲ್ಲಿಟ್ಟುಕೊಂಡು ರಬ್ಬರ್ ಚಪ್ಪಲಿಯಲ್ಲಿ ಹೋಗಿ, ಆಫೀಸಿನಲ್ಲಿ ಕಾಲು ಒರೆಸಿ ಬದಲಾಯಿಸಿ. ಚೀಲದಲ್ಲಿ ಒಂದು ಜೋಡಿ ಒಣ ಸಾಕ್ಸ್ ಇರಲಿ. ಬೆರಳ ಸಂದಿಯಲ್ಲಿ ತೇವ ಉಳಿದರೆ ಹುಣ್ಣಾಗುತ್ತದೆ.

ಬೋರಿವಲಿ 11 ನಂಬರ್

ಇದನ್ನೆಲ್ಲ ಓದಿ ನನಗೂ ಆಸೆ ಬಂತು. ನನ್ನದು 11, ಅದೂ ಅಗಲ. ಬಹಳ ಅಂಗಡಿಗಳಲ್ಲಿ 10ಕ್ಕೇ ನಿಲ್ಲುತ್ತದೆ. ಅಥಣಿ ಅಣ್ಣಾ, ಠಕ್ಕರ್ ಬಾಪಾದಲ್ಲಿ 11ರ ಫರ್ಮಾ ಇಟ್ಟಿರುತ್ತಾರಾ?

ಅಥಣಿ ಕಡೆಯವ

ರಫ್ತಿನ ಮಾಲು ಮಾಡುವವರ ಹತ್ತಿರ ಕೇಳು, ಅವರಲ್ಲಿ ದೊಡ್ಡ ನಂಬರಿನ ಅಚ್ಚು ಸಿಗುವ ಸಂಭವ ಜಾಸ್ತಿ. ಅದು ಯುರೋಪಿನ ಅಚ್ಚಾದರೆ ಉದ್ದ ಬರುತ್ತದೆ, ಅಗಲ ಬರದೇ ಇರಬಹುದು. ಹಾಗಾಗಿ ನೀನೂ ನಿಂತುಕೊಂಡು ಕಾಗದದ ಮೇಲೆ ಗೆರೆ ಎಳೆಸಿಕೊಂಡೇ ಹೋಗು. ಜೊತೆಗೆ ಗಂಟಿನ ಸುತ್ತ ಟೇಪ್ ಹಿಡಿದು ಸುತ್ತಳತೆ ಬರೆದುಕೋ. ಅಚ್ಚಿಗೂ ಅದೇ ಜಾಗದಲ್ಲಿ ಟೇಪ್ ಹಿಡಿದು ನೋಡಿದ ಮೇಲೆ ಮುಂಗಡ ಕೊಡು.